ಗುಡಿಸದ ಮನೆ

ಕುರ್ಚಿ ಕೊಟ್ಟವಳು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಒಳ್ಳೆಯವಳು ಅಂದುಕೊಳ್ಳುವುದು ಬೇಡ. ನಾಲ್ಕು ಕುರ್ಚಿ, ಒಂದು ಬಾಗಿಲ ಪರದೆ, ಗೋಡೆ ಗಡಿಯಾರ, ಹೂವಿನ ಚಿತ್ರವಿರುವ ಆರು ಕಪ್ಪು. ಪಕ್ಕದ ಮನೆಯ ಅಜ್ಜಿ ಬಂದು ಕೇಳಿದಾಗ ಹೊಲಿಗೆ ಮಷೀನು ನಿಲ್ಲಿಸಿ ಕುರ್ಚಿಗಳನ್ನು ನಾನೇ ಹೊತ್ತುಕೊಂಡು ಹೋಗಿ ಇಟ್ಟು ಬಂದೆ. ಪರದೆಯ ಅಂಚು ಬಿಚ್ಚಿತ್ತು, ಅದಕ್ಕೂ ನಾಲ್ಕು ಹೊಲಿಗೆ ಹಾಕಿದೆ.

ನಮ್ಮದು ಸಾಲು ಮನೆ. ಅವರಿಗೂ ನನಗೂ ನಡುವೆ ಒಂದೇ ಗೋಡೆ, ಅದೂ ಅರ್ಧ ಇಟ್ಟಿಗೆಯದು. ಅಲ್ಲಿ ಚಮಚ ಬಿದ್ದರೆ ಇಲ್ಲಿ ನನ್ನ ಹೊಲಿಗೆ ಸೊಟ್ಟಗಾಗುತ್ತದೆ. ಹಾಗಾಗಿ ನಾನು ಹೇಳುವುದರಲ್ಲಿ ಅರ್ಧ ಕಂಡದ್ದು, ಅರ್ಧ ಕೇಳಿದ್ದು. ಕಿವಿ ಮುಚ್ಚಿಕೊಳ್ಳಬಹುದಿತ್ತಲ್ಲ ಅಂತ ಕೇಳಿದರೆ, ನೀವು ಬಂದು ಒಂದು ವಾರ ಇಲ್ಲಿದ್ದು ನೋಡಿ.

ಆ ಮನೆಯಲ್ಲಿ ಆಗ ನಾಲ್ಕು ಜನ. ಅಜ್ಜಿಯನ್ನು ಇಡೀ ಬೀದಿ ರೌಂಡ್ಸ್ ಅಜ್ಜಿ ಅನ್ನುತ್ತದೆ. ದೊಡ್ಡಾಸ್ಪತ್ರೆ ಇನ್ನೂ ಸರ್ಕಾರದ್ದೇ ಆಗಿದ್ದ ಕಾಲದಲ್ಲಿ ಮೂವತ್ತೆಂಟು ವರ್ಷ ಅಲ್ಲಿ ಆಯಾ ಆಗಿದ್ದವರು. ದಿನಗೂಲಿಗೆ ಸೇರಿ ದಿನಗೂಲಿಯಲ್ಲೇ ಹೊರಬಿದ್ದರು, ಪಿಂಚಣಿಯ ಮಾತೇ ಇಲ್ಲ. ಆದರೂ ಆಸ್ಪತ್ರೆಯ ಸುದ್ದಿ ಎತ್ತಿದರೆ ತವರುಮನೆಯ ಸುದ್ದಿ ಬಂದ ಹಾಗೆ ಮುಖ ಅರಳುತ್ತಿತ್ತು. ಅವರ ಒಬ್ಬನೇ ಮಗ ವೆಲ್ಡರ್, ಗೇಟು ಗ್ರಿಲ್ಲು ಮಾಡುತ್ತಿದ್ದವನು. ಸೊಸೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ, ಬೆಳಿಗ್ಗೆ ಐದಕ್ಕೆ ಹೋದರೆ ಸಂಜೆ ಐದಕ್ಕೆ ಬರುತ್ತಾಳೆ. ಮೊಮ್ಮಗಳು ಸರ್ಕಾರಿ ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಜನರ ಅರ್ಜಿ ತುಂಬಿಕೊಡುತ್ತಾಳೆ. ಹತ್ತೊಂಬತ್ತು ವರ್ಷ, ಚೂರಿಯಂಥ ನಾಲಿಗೆ.

ಎರಡು ವರ್ಷದ ಹಿಂದೆ ಮಗನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕು, ಇಲ್ಲದಿದ್ದರೆ ಮೈಯೆಲ್ಲಾ ನೀರು ತುಂಬಿ ಉಸಿರು ಕಟ್ಟುತ್ತದೆ. ಕತ್ತಿನ ಪಕ್ಕ ಒಂದು ಕೊಳವೆ ಇಟ್ಟು ಪಟ್ಟಿ ಹಾಕಿದ್ದರು, ರಕ್ತ ಅಲ್ಲಿಂದಲೇ ಮಷೀನಿಗೆ ಹೋಗಿ ಬರುವುದು. ದುಡ್ಡು ಕಟ್ಟಿ ಮಾಡಿಸುವುದು ನಮ್ಮಂಥವರ ಕೈಲಾಗುವ ಮಾತಲ್ಲ. ಅವನನ್ನು ಉಳಿಸಿದ್ದು ಹಸಿರು ಕಾರ್ಡು. ಬಡ ಕುಟುಂಬಕ್ಕೆ ಸರ್ಕಾರ ಕೊಡುವ ಕಾರ್ಡು ಅದು. ಕೌಂಟರಿನಲ್ಲಿ ತೋರಿಸಿದರೆ ಮಷೀನು ಸಿಗುತ್ತದೆ, ಬಿಲ್ಲು ಸರ್ಕಾರಕ್ಕೆ ಹೋಗುತ್ತದೆ.

ಅಜ್ಜಿ ಅವನನ್ನು ವಾರ್ಡಿನ ಪೇಷಂಟಿನ ಹಾಗೇ ನೋಡಿಕೊಂಡರು. ನೀರು ಹೆಚ್ಚು ಕುಡಿಯುವ ಹಾಗಿಲ್ಲವಲ್ಲ, ಗೀಟು ಹಾಕಿದ್ದ ಹಳೇ ಔಷಧಿ ಲೋಟದಲ್ಲಿ ಅಳೆದು ಕೊಡುವರು. ಕಿಡ್ನಿಗೆ ಆಗದ ಅಂಶ ಹೋಗಲಿ ಅಂತ ಆಲೂಗಡ್ಡೆಯನ್ನು ಎರಡು ಸಲ ಬೇಯಿಸಿ ಎರಡು ಸಲ ನೀರು ಚೆಲ್ಲುವರು.

"ಇನ್ನೊಂದು ಗೀಟು ಹಾಕಮ್ಮ, ಗಂಟಲು ಒಣಗಿದೆ," ಅನ್ನುವನು ಅವನು.

"ಗಂಟಲು ಒಣಗಿದ್ರೆ ಬಾಯಿ ಮುಚ್ಕೊಂಡು ಮಲ್ಕೋ."

"ಹೆತ್ತ ತಾಯೋ ಪೊಲೀಸೋ ನೀನು?"

"ಎರಡೂ."

ಡಯಾಲಿಸಿಸ್ ವಿಭಾಗದ ಸಿಸ್ಟರ್ ಒಂದು ಮಾತನ್ನು ಅವರಿಗೆ ಪದೇ ಪದೇ ಹೇಳಿದ್ದಳು. "ಅಜ್ಜಿ, ಮನೆ ಚೊಕ್ಕಟವಾಗಿರ್ಲಿ. ಈ ಕೊಳವೆಗೆ ಧೂಳು ಸೇರಿ ಸೋಂಕಾದ್ರೆ ನಮ್ಮ ಕೈಲೂ ಏನೂ ಆಗಲ್ಲ." ಅಜ್ಜಿಗೆ ಇದನ್ನು ಹೇಳಬೇಕೇ? ದಿನಕ್ಕೆರಡು ಸಲ ಗುಡಿಸಿ ಫಿನಾಯಿಲು ಹಾಕಿ ಒರೆಸುತ್ತಿದ್ದರು. ಸುಣ್ಣ ತಂದು ಗೋಡೆಗೆ ತಾವೇ ಬಳಿದಿದ್ದರು. ಆ ಮನೆಯ ನೆಲದ ಮೇಲೆ ಅನ್ನ ಹಾಕಿಕೊಂಡು ತಿನ್ನಬಹುದಿತ್ತು.

ಆ ಮಂಗಳವಾರ ಹನ್ನೊಂದು ಗಂಟೆಗೆ ಕಚೇರಿಯ ಜವಾನ ಸೈಕಲ್ಲಿನಿಂದ ಇಳಿಯದೆ ಕೂಗಿ ಹೇಳಿದ. "ಇವತ್ತು ಮೂರು ಗಂಟೆಗೆ ಆರೋಗ್ಯ ಇಲಾಖೆಯೋರು ಮನೆ ನೋಡೋಕೆ ಬರ್ತಾರೆ. ಎಲ್ಲೂ ಹೋಗ್ಬೇಡಿ."

ಸೊಸೆ, ಮೊಮ್ಮಗಳು ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಅಜ್ಜಿ ನೇರವಾಗಿ ನನ್ನ ಮನೆಗೆ ಬಂದರು.

"ಟೈಲರಮ್ಮ, ರೌಂಡ್ಸ್ ಬರ್ತಿದೆ ಕಣೇ!"

ಅವರ ಕಾಲದಲ್ಲಿ ಪ್ರತಿ ಸೋಮವಾರ ದೊಡ್ಡ ಡಾಕ್ಟರು ವಾರ್ಡು ನೋಡಲು ಬರುತ್ತಿದ್ದರಂತೆ. ವಾರ್ಡು ಕನ್ನಡಿಯ ಹಾಗಿದ್ದರೆ ಆ ತಿಂಗಳು ಹೊಸ ದುಪ್ಪಟಿ, ಹೊಸ ಬಕೆಟ್ಟು, ಕೇಳಿದಷ್ಟು ಸೋಪು ಮಂಜೂರು. ಕೊಳಕಿದ್ದರೆ ಬೈಗುಳ ಮಾತ್ರ. ಅಜ್ಜಿಯ ನಾಲ್ಕನೇ ವಾರ್ಡಿಗೆ ಒಂದು ಸೋಮವಾರವೂ ಬೈಗುಳ ಬಿದ್ದಿರಲಿಲ್ಲ. ಈಗ ಆರೋಗ್ಯ ಇಲಾಖೆಯವರು ಮನೆ ನೋಡಲು ಬರುತ್ತಾರೆ ಅಂದರೆ ಇನ್ಯಾಕೆ? ಪೇಷಂಟನ್ನು ಚೊಕ್ಕಟವಾಗಿ ಇಟ್ಟುಕೊಂಡಿದ್ದಾರೋ ಇಲ್ಲವೋ ನೋಡುವುದಕ್ಕೆ. ನನಗೂ ಹಾಗೇ ಅನ್ನಿಸಿತು.

"ಹುಡುಗಿಗೆ ಒಂದು ಫೋನ್ ಮಾಡ್ಲಾ ಅಜ್ಜಿ?"

"ರೌಂಡ್ಸ್ ನನಗೆ ಹೊಸದಾ? ಅವಳಿಗ್ಯಾಕೆ ತೊಂದ್ರೆ? ನಿನ್ನ ಕುರ್ಚಿ ಕೊಡು. ಬಂದೋರು ನಿಂತ್ಕೊಂಡಿರೋದು ಚೆನ್ನಾಗಿರಲ್ಲ."

ಮೂರು ಗಂಟೆಗೆ ಬಂದವನು ಒಬ್ಬನೇ. ಮೂವತ್ತು ದಾಟದ ಇನ್ಸ್‌ಪೆಕ್ಟರ್, ಒಳ್ಳೆಯ ಮಾತಿನವನು, ಚಪ್ಪಲಿ ಹೊರಗೆ ಬಿಟ್ಟೇ ಬಂದ. ಕೈಯಲ್ಲಿ ಟ್ಯಾಬು. ಅಜ್ಜಿ ಬಾಗಿಲಲ್ಲಿ ಎರಡೂ ಕೈ ಹಿಂದೆ ಕಟ್ಟಿ ನೆಟ್ಟಗೆ ನಿಂತಿದ್ದರು, ವಾರ್ಡಿನಲ್ಲಿ ನಿಲ್ಲುತ್ತಿದ್ದದ್ದೇ ಹಾಗಂತೆ. ಮಗ ಮಂಚದ ಮೇಲೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ದುಪ್ಪಟಿಯಲ್ಲಿ, ಮದುಮಗನ ಹಾಗೆ ಒರಗಿದ್ದ. ನಾನು ಒಲೆಯ ಹತ್ತಿರ ನಿಂತು ನನ್ನದೇ ಕಪ್ಪಿಗೆ ಚಹಾ ಸುರಿಯುತ್ತಿದ್ದೆ.

"ಮನೆ ತುಂಬಾ ಚೆನ್ನಾಗಿಟ್ಕೊಂಡಿದ್ದೀರಿ ಅಜ್ಜಿ," ಅಂದ ಅವನು. ಒಂದೊಂದೇ ಫೋಟೋ ತೆಗೆದ. ಕುರ್ಚಿ, ಪರದೆ, ಗಡಿಯಾರ, ಗೋಡೆ. ಕಪ್ಪಿನದೂ ತೆಗೆದ.

"ಇದೆಲ್ಲಾ ನಿಮ್ದೇನಾ?"

ಅಜ್ಜಿ ನನ್ನ ಕಡೆ ನೋಡಲೂ ಇಲ್ಲ. "ನಮ್ದೇ ಸಾರ್."

ನಾನು ಬಾಯಿ ಬಿಡಲಿಲ್ಲ. ಮುದುಕಿಯ ಮುಖದಲ್ಲಿ ಅಷ್ಟು ಖುಷಿ ಇತ್ತು, ಕುರ್ಚಿ ನನ್ನದು ಅಂತ ಹೇಳುವಷ್ಟು ಸಣ್ಣವಳಾಗಬಾರದು ಅಂದುಕೊಂಡೆ. ದೊಡ್ಡತನ ತೋರಿಸಿದೆ! ಅವನು ಚಹಾ ಕುಡಿದು, ಥ್ಯಾಂಕ್ಸ್ ಹೇಳಿ, ಟ್ಯಾಬಿನ ಮೇಲೆ ಅಜ್ಜಿಯ ಬೆರಳೊತ್ತಿಸಿಕೊಂಡು ಹೋದ.

ಸಂಜೆ ಮೊಮ್ಮಗಳು ಬಂದದ್ದು ಗೋಡೆಯಾಚೆಯಿಂದ ಕೇಳಿಸಿತು.

"ಯಾರ ಕುರ್ಚಿ ಇದು?"

"ಟೈಲರಮ್ಮನದು. ನಾಳೆ ಕೊಟ್ಬಿಡೋಣ. ಇಲಾಖೆಯೋರು ಬಂದಿದ್ರು ಕಣೇ, ಎಷ್ಟು ಹೊಗಳಿದ್ರು ಗೊತ್ತಾ?"

ಕುರ್ಚಿ ಸರಿಸಿದ ಸದ್ದಾಯಿತು. ಆಮೇಲೆ ಹುಡುಗಿ ಕೇಳಿದಳು, "ಫೋಟೋ ತೆಗೆದ್ರಾ?"

"ಹೂಂ, ಎಲ್ಲಾ ಕಡೆಯಿಂದ."

"ಅಯ್ಯೋ ಅಜ್ಜೀ... ಅವರು ಬಂದಿದ್ದು ನಾವು ಬಡವರು ಹೌದೋ ಅಲ್ವೋ ಅಂತ ನೋಡೋಕೆ! ಕಾರ್ಡು ಉಳಿಸ್ಬೇಕೋ ತೆಗೀಬೇಕೋ ಅಂತ!"

"ಅದನ್ನ ನೋಡೋಕೆ ಮನೆಗ್ಯಾಕೆ ಬರ್ಬೇಕು? ಕಾಯಿಲೆ ಅವನ ಮೈಯಲ್ಲಿದೆ, ಗೋಡೆಯಲ್ಲಿದೆಯಾ?"

"ಗೋಡೆಯಲ್ಲೇ ನೋಡೋದು ಈಗ. ಅಂಗಡಿಗೆ ಬರೋ ಅರ್ಜಿಯೆಲ್ಲಾ ನಾನೇ ತುಂಬೋದಲ್ವಾ, ನಂಗೊಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?"

"ಏಯ್, ಅಜ್ಜಿ ಹತ್ರ ಹಾಗಾ ಮಾತಾಡೋದು?" ಸೊಸೆಯ ದನಿ. ಅದರ ಹಿಂದೆಯೇ ಅವಳ ಕೆಮ್ಮು. ಮೂರು ತಿಂಗಳಿಂದ ಇತ್ತು ಆ ಕೆಮ್ಮು.

ಅಜ್ಜಿಯ ದನಿ ಏರಿತು. "ನಾನು ಕೆಲಸಕ್ಕೆ ಸೇರಿದಾಗ ಆಸ್ಪತ್ರೆ ಬಾಗಿಲಲ್ಲಿ ಒಂದೇ ಪ್ರಶ್ನೆ ಕೇಳ್ತಿದ್ರು, ಏನಾಗಿದೆ ಅಂತ. ಔಷಧಿಗೆ ಮನೆಯಿಂದ ಬಾಟ್ಲಿ ತಂದ್ರೆ ಮುಗೀತು, ತುಂಬಿಸಿ ಕೊಡ್ತಿದ್ರು. ಆಮೇಲೆ ಚೀಟಿ ಬಂತು. ಚೀಟಿಗೆ ಚಿಲ್ಲರೆ ಇಲ್ದೋರು ಗೇಟಿನ ಹತ್ರ ಕೂತಿರೋರು, ನಾನೇ ಎಷ್ಟೋ ಜನಾನ ಹಿಂದಿನ ಬಾಗಿಲಿಂದ ಕರ್ಕೊಂಡೋಗಿದೀನಿ. ಆಮೇಲೆ ಹಳದಿ ಕಾರ್ಡು, ಬಿಳಿ ಕಾರ್ಡು. ಹಳದಿಯೋರಿಗೆ ಮಾತ್ರೆ, ಬಿಳಿಯೋರಿಗೆ ಬಿಲ್ಲು. ಆಮೇಲೆ ಆಸ್ಪತ್ರೇನೇ ಕಂಪನಿಗೆ ಕೊಟ್ಟು ಬೋರ್ಡು ಬದಲಾಯಿಸಿದ್ರು. ಎಲ್ಲಾ ನೋಡಿದೀನಿ ಕಣೇ. ಆದ್ರೆ ಗುಡಿಸಿದ್ದು ತಪ್ಪು ಅಂತ ಯಾರೂ ನಂಗೆ ಹೇಳಿರ್ಲಿಲ್ಲ, ನೀನೇ ಮೊದಲು."

ಹುಡುಗಿ ಅಳುತ್ತಿದ್ದಳೇನೋ. ಕೊನೆಗೆ ಕೇಳಿಸಿದ್ದು ಮಗನ ದನಿ. "ಬಿಡೇ ಹೋಗ್ಲಿ. ಒಂದು ಮಧ್ಯಾಹ್ನನಾದ್ರೂ ಸಾಹುಕಾರನ ಹಾಗೆ ಮಲಗಿದ್ದೆನಲ್ಲ. ಊಟಕ್ಕೆ ಹಾಕಿ."

ತಟ್ಟೆ ಇಡುವ ಸದ್ದು ಮಾತ್ರ ಕೇಳಿಸಿತು.

ಒಂಬತ್ತು ದಿನದ ಮೇಲೆ ಅವನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವಾಗ ನಾನೂ ಜೊತೆಗಿದ್ದೆ. ದೊಡ್ಡಾಸ್ಪತ್ರೆಯ ಡಯಾಲಿಸಿಸ್ ವಿಭಾಗ ಅಂದರೆ ಅಜ್ಜಿಯ ಹಳೇ ನಾಲ್ಕನೇ ವಾರ್ಡೇ. ಮಂಚಗಳ ಜಾಗದಲ್ಲಿ ಮಷೀನುಗಳು, ಕಿಟಕಿಗಳು ಮಾತ್ರ ಹಳೆಯವು. ಕೌಂಟರಿನಲ್ಲಿ ಕಾರ್ಡು ಉಜ್ಜಿದರು, ಕೆಂಪು ದೀಪ ಬಂತು. ಮತ್ತೆ ಉಜ್ಜಿದರು, ಮತ್ತೆ ಕೆಂಪು.

ಸಿಸ್ಟರ್ ಹೊರಗೆ ಬಂದಳು. "ಅಜ್ಜಿ, ಕಾರ್ಡು ರದ್ದಾಗಿದೆ. ನನ್ನ ಕೈಲಿ ಏನೂ ಇಲ್ಲ."

"ಮಷೀನು ಖಾಲಿ ಇದೆಯಲ್ಲಮ್ಮ ಅಲ್ಲಿ, ಕಿಟಕಿ ಪಕ್ಕದ್ದು."

"ಖಾಲಿ ಇದೆ. ಆದ್ರೆ ಕಾರ್ಡಿಲ್ದೆ ಆನ್ ಮಾಡೋ ಹಾಗಿಲ್ಲ."

"ಆ ಕಿಟಕಿ ಗಾಜು ಮೂವತ್ತೆಂಟು ವರ್ಷ ಒರೆಸಿದ್ದು ನಾನು," ಅಂದರು ಅಜ್ಜಿ. ಬೇಡುವ ದನಿಯಲ್ಲ, ಸುಮ್ಮನೆ ನೆನಪಿಸುವ ಹಾಗೆ. ಸಿಸ್ಟರ್ ತಲೆ ತಗ್ಗಿಸಿದಳು. ಅವಳನ್ನು ಬೈದು ಏನು ಪ್ರಯೋಜನ?

ಮಾರನೇ ದಿನ ನಾನೂ ಹುಡುಗಿಯೂ ಕಚೇರಿಗೆ ಹೋದೆವು. ಗುಮಾಸ್ತ ಕಾಗದ ತೆಗೆದು ಓದಿದ. ಕುರ್ಚಿ ಇದೆ, ಪರದೆ ಇದೆ, ಗಡಿಯಾರ ಇದೆ, ಗೋಡೆಗೆ ಬಣ್ಣ ಇದೆ. ಕುಟುಂಬ ಬಡತನದ ಮಾನದಂಡಕ್ಕೆ ಒಳಪಡುವುದಿಲ್ಲ.

"ಸಾರ್, ಕುರ್ಚಿ ನಂದು," ಅಂದೆ. "ಗಡಿಯಾರ ನಂದು, ಪರದೆ ನಂದು. ಬೇಕಾದ್ರೆ ಬಂದು ನೋಡಿ, ಈಗ ನಮ್ಮನೇಲಿದೆ."

"ಫೋಟೋದಲ್ಲಿ ಅವರ ಮನೇಲಿದೆಯಲ್ಲಮ್ಮ. ನಮ್ದೇ ಅಂತ ಅಜ್ಜಿ ಬೆರಳೊತ್ತಿದ್ದಾರೆ. ಯಾರ ಮಾತು ನಂಬೋದು ನಾನು?"

"ಡಯಾಲಿಸಿಸ್ ನಿಂತಿದೆ ಸಾರ್," ಅಂದಳು ಹುಡುಗಿ. ಅಂಗಡಿಯಲ್ಲಿ ಗಿರಾಕಿಗಳಿಗೆ ಬಡಬಡ ಹೇಳುವವಳು, ಅವತ್ತು ಒಂದೊಂದೇ ಪದ ಹುಡುಕುತ್ತಿದ್ದಳು.

"ಮರುಪರಿಶೀಲನೆಗೆ ಅರ್ಜಿ ಹಾಕಿ. ಅರವತ್ತು ದಿನದೊಳಗೆ ಬರ್ತಾರೆ."

"ಯಾವತ್ತು?"

"ಹೇಳಿ ಬಂದ್ರೆ ನೀವು ಕುರ್ಚಿ ಜೋಡಿಸ್ತೀರಲ್ಲ," ಅಂತ ನಕ್ಕ. "ಯಾವತ್ತು ಬೇಕಾದ್ರೂ ಬರ್ತಾರೆ."

ಹುಡುಗಿ ಅಲ್ಲೇ ನಿಂತು ಅರ್ಜಿ ತುಂಬಿ ಕೊಟ್ಟಳು. ಅಂಗಡಿಗೆ ಬರುವ ನೂರಾರು ಅರ್ಜಿಗಳಲ್ಲಿ ಯಾವುದು ಪಾಸಾಗುತ್ತದೆ, ಯಾವುದು ವಾಪಸ್ಸು ಬರುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಪಾಸಾದ ಮನೆಗಳ ಫೋಟೋಗಳನ್ನು ಅವಳೇ ಪ್ರಿಂಟ್ ತೆಗೆದಿದ್ದಾಳೆ. ಮನೆಗೆ ಬಂದವಳೇ ಚೀಲ ಬಿಸಾಡಿ ಕೆಲಸಕ್ಕೆ ಕೈಹಚ್ಚಿದಳು.

ಸೀಮೆಎಣ್ಣೆ ಬುಡ್ಡಿ ಹಚ್ಚಿ ಅಜ್ಜಿ ಸುಣ್ಣ ಬಳಿದ ಗೋಡೆಗೆ ಹಿಡಿದಳು. ಮಸಿ ಹತ್ತಿತು. ಸೌದೆಯಿಂದ ಕೆರೆದು ಅಲ್ಲಲ್ಲಿ ಗಾರೆ ಕಿತ್ತಳು. ಮಂಚ ಮಾರಿದರು, ಅವನ ವೆಲ್ಡಿಂಗ್ ಸೆಟ್ಟನ್ನೂ ಮಾರಿದರು. ಆ ದುಡ್ಡಿನಲ್ಲಿ ಬೇರೆ ಕಡೆ ಡಯಾಲಿಸಿಸ್ ಮಾಡಿಸಿದರು, ಮೊದಲು ವಾರಕ್ಕೊಂದು, ಆಮೇಲೆ ಹತ್ತು ದಿನಕ್ಕೊಂದು. ಅವನ ಹಾಸಿಗೆ ನೆಲಕ್ಕೆ ಬಂತು.

"ಇವತ್ತಿಂದ ಯಾರೂ ಗುಡಿಸ್ಬಾರ್ದು," ಅಂದಳು ಹುಡುಗಿ. "ಒರೆಸ್ಬಾರ್ದು. ಪಾತ್ರೆ ತೊಳೆದು ಮೂಲೇಲಿ ಕವುಚಿಡಿ, ಹೊಳೆಯೋ ಹಾಗೆ ಜೋಡಿಸ್ಬೇಡಿ. ಯಾವತ್ತು ಬರ್ತಾರೋ ಗೊತ್ತಿಲ್ಲ. ಅವರು ಬಂದ ದಿನ ಮನೆ ಹೀಗೇ ಇರ್ಬೇಕು."

"ಅವನಿಗೆ ಕೊಳವೆ ಇದೆಯಲ್ಲೇ," ಅಂದರು ಅಜ್ಜಿ.

"ಕಾರ್ಡಿಲ್ದಿದ್ರೆ ಕೊಳವೆ ಇಟ್ಕೊಂಡು ಏನ್ಮಾಡ್ತೀಯ?"

ಅಜ್ಜಿ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು.

ಅವತ್ತೇ ಹುಡುಗಿ ಅವರ ಪೊರಕೆ ತಂದು ನನಗೆ ಕೊಟ್ಟಳು. "ಆಂಟಿ, ಇದು ನಿಮ್ಮನೇಲಿರ್ಲಿ. ಅಲ್ಲಿದ್ರೆ ಅಜ್ಜಿ ಕೈ ಸುಮ್ನಿರಲ್ಲ." ನಾನು ಅದನ್ನು ಹೊಲಿಗೆ ಮಷೀನಿನ ಹಿಂದೆ ನಿಲ್ಲಿಸಿದೆ.

ಪೊರಕೆ ಇಲ್ಲದೆಯೂ ಆ ಕೈ ಸುಮ್ಮನಿರಲಿಲ್ಲ. ಮೊದಲ ದಿನಗಳಲ್ಲಿ ಅಜ್ಜಿ ಬಾಗಿಲ ಹೊಸ್ತಿಲ ಮೇಲೆ ಕೂತು ಬೀದಿ ನೋಡುತ್ತಿದ್ದರು. ಮನೆಗೆ ಬೆನ್ನು ಹಾಕಿಯೇ ಇರುವರು. ಊಟಕ್ಕೆ ಕೂತರೆ ತಟ್ಟೆಯ ಪಕ್ಕದ ಕಸವನ್ನು ಬೆರಳಿನಿಂದ ಸರಿಸುವುದು, ಮತ್ತೆ ನೆನಪಾಗಿ ಬಿಟ್ಟುಬಿಡುವುದು. ಸೊಸೆ ಕೆಮ್ಮುತ್ತಾ, "ಅತ್ತೆ, ನೀವು ಈ ಕಡೆ ಕೂತ್ಕೊಳ್ಳಿ, ಆ ಗೋಡೆ ಮಸಿ ಬಟ್ಟೆಗೆ ಹತ್ತುತ್ತೆ," ಅನ್ನುವಳು.

"ನಿನ್ನ ಕೆಮ್ಮು ತೋರಿಸ್ಬಾರ್ದೇನೇ?"

"ಕಾರ್ಡು ಸರಿಯಾಗ್ಲಿ ಅತ್ತೆ, ಆಮೇಲೆ ತೋರಿಸ್ತೀನಿ."

"ಉಗುಳಿದ್ರೆ ಏನು ಬರುತ್ತೆ?"

ಸೊಸೆ ಸೆರಗಿನಿಂದ ಬಾಯಿ ಒರೆಸಿಕೊಂಡು ಒಲೆಯ ಕಡೆ ತಿರುಗಿದಳು. ಆಯಾ ಕೆಲಸ ಮಾಡಿದವರಿಗೆ ಬೇರೆ ಉತ್ತರ ಬೇಕಾಗಿರಲಿಲ್ಲ.

ಮೂರನೇ ವಾರ ಒಂದು ಮಧ್ಯಾಹ್ನ ಅಜ್ಜಿ ನನ್ನ ಬಾಗಿಲಿಗೆ ಬಂದು ನಿಂತರು. "ಟೈಲರಮ್ಮ, ನನ್ನ ಪೊರಕೆ ಕೊಡು. ಹತ್ತೇ ನಿಮಿಷ."

"ಹುಡುಗಿ ಬೈತಾಳೆ ಅಜ್ಜಿ."

"ಅವಳು ಬರೋದು ಸಂಜೆ. ಅವನು ಮಲಗಿರೋ ಕಡೆ ಮಾತ್ರ. ನಿನ್ನ ಕಾಲಿಗೆ ಬೀಳ್ಲಾ?"

ಕೊಟ್ಟೆ. ಹತ್ತು ನಿಮಿಷ ಅಂದವರು ಒಂದು ಗಂಟೆ ಮಾಡಿದರು. ಹಾಸಿಗೆಯ ಸುತ್ತ ಎರಡು ಮೊಳ ಅಗಲಕ್ಕೆ ಗುಡಿಸಿ, ಒರೆಸಿ, ದುಪ್ಪಟಿಯನ್ನು ಬಿಸಿನೀರಿನಲ್ಲಿ ಒಗೆದು ಹಾಕಿದರು. ದಿನಾ ಬರತೊಡಗಿದರು. ದಿನಾ ಕೊಟ್ಟೆ. ಈ ಒಂದು ಕೆಲಸಕ್ಕೆ ಮಾತ್ರ ನನಗೆ ಪಶ್ಚಾತ್ತಾಪವಿಲ್ಲ.

ಎಂಟು ದಿನ ನಡೆಯಿತು. ಒಂಬತ್ತನೇ ದಿನ ಅಂಗಡಿಯಲ್ಲಿ ಕರೆಂಟು ಹೋಯಿತೆಂದು ಹುಡುಗಿ ಮಧ್ಯಾಹ್ನವೇ ಬಂದುಬಿಟ್ಟಳು. ಮಸಿ ಬಣ್ಣದ ಆ ಕೋಣೆಯಲ್ಲಿ ಅಪ್ಪ ಮಲಗಿದ ಚೌಕ ಮಾತ್ರ ಫಳಫಳ ಹೊಳೆಯುತ್ತಿತ್ತು.

"ಏನಜ್ಜಿ ಇದು?"

"ಪೇಷಂಟಿನ ಜಾಗ."

"ಬಾಗಿಲಲ್ಲಿ ನಿಂತೋರಿಗೆ ಮೊದಲು ಕಣ್ಣಿಗೆ ಬೀಳೋದೇ ಇದು! ಬೇಕಂತ ಕೊಳಕು ಮಾಡಿದಾರೆ ಅಂತ ಒಂದೇ ನೋಟಕ್ಕೆ ಗೊತ್ತಾಗತ್ತೆ. ಇನ್ನೊಂದು ಸಲ ತಿರಸ್ಕಾರ ಆದ್ರೆ ಮತ್ತೆ ಅರ್ಜಿ ಹಾಕೋಕೂ ಆಗಲ್ಲ, ಗೊತ್ತಾ ನಿಂಗೆ?"

"ಸಿಸ್ಟರ್ ಹೇಳಿದ್ದು ನೆನಪಿಲ್ವಾ ನಿಂಗೆ?"

"ಸಿಸ್ಟರೇ ಮಷೀನು ಕೊಡ್ಲಿಲ್ವಲ್ಲ!"

ಜಗಳ ಹಾಗೇ ಬೆಳೆಯಿತು. ಅಜ್ಜಿ ಕೂಗಿದರು, ಹುಡುಗಿ ಅದಕ್ಕಿಂತ ಜೋರಾಗಿ ಕೂಗಿದಳು. ನಾನು ಓಡಿಹೋಗಿ ಬಾಗಿಲಲ್ಲಿ ನಿಂತೆ. ಮಲಗಿದ್ದವನು ಮುಖ ಊದಿ ಗುರುತು ಸಿಗದ ಹಾಗಾಗಿದ್ದ. ಎದ್ದು ಕೂರಲು ಹೋಗಿ ಆಗದೆ, ಮಲಗಿಕೊಂಡೇ ಹೇಳಿದ.

"ಅಮ್ಮ. ಅವಳು ಹೇಳಿದ ಹಾಗೆ ಮಾಡು. ಓದಿದ ಹುಡುಗಿ, ಅವಳಿಗೆ ಗೊತ್ತಿರತ್ತೆ."

"ನಿಂಗೇನಾದ್ರೂ ಆದ್ರೆ?"

"ಹಾಗೂ ಆಗತ್ತೆ, ಹೀಗೂ ಆಗತ್ತೆ. ಕಾರ್ಡಾದ್ರೂ ಬರ್ಲಿ. ನಿನ್ನ ಸೊಸೆ ಕೆಮ್ಮು ಕೇಳಿಸ್ತಿಲ್ವಾ ನಿಂಗೆ?"

ಅಜ್ಜಿ ಒಲೆಯ ಹತ್ತಿರ ಹೋಗಿ ಬೂದಿಯ ಡಬ್ಬ ತಂದು ಮೊಮ್ಮಗಳ ಮುಂದೆ ಇಟ್ಟರು. "ನೀನೇ ಹಾಕು. ನನ್ನ ಕೈ ಬರಲ್ಲ."

ಹುಡುಗಿ ಮುಷ್ಟಿಯಲ್ಲಿ ಬೂದಿ ತೆಗೆದುಕೊಂಡು, ಅಪ್ಪನ ಹಾಸಿಗೆಯ ಸುತ್ತ, ಹೊಳೆಯುವ ನೆಲದ ಮೇಲೆ ಉದುರಿಸಿದಳು. ಕಾಲಿನಿಂದ ತಿಕ್ಕಿ ನೆಲಕ್ಕೆ ಹೊಂದಿಸಿದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು, ಕೈ ಮಾತ್ರ ನಿಲ್ಲಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಆಂಟಿ, ಇನ್ಮೇಲೆ ಪೊರಕೆ ಕೊಡ್ಬೇಡಿ," ಅಂದಳು. ಸರಿ ಅಂದೆ. ಅಜ್ಜಿ ಮತ್ತೆ ಕೇಳಲು ಬರಲೂ ಇಲ್ಲ.

ಇನ್ಸ್‌ಪೆಕ್ಟರ್ ಬರಲಿಲ್ಲ. ಸೈಕಲ್ ಬೆಲ್ಲಾದರೆ ಸಾಕು ಎಲ್ಲರೂ ಬಾಗಿಲ ಕಡೆ ನೋಡುವರು, ಹಾಲಿನವನೋ ಪೇಪರಿನವನೋ ಆಗಿರುವನು. ಅರವತ್ತರಲ್ಲಿ ನಲವತ್ತನಾಲ್ಕು ದಿನ ಕಳೆದಿತ್ತು. ಗುರುವಾರ ಬೆಳಿಗ್ಗೆ ಅವನಿಗೆ ಚಳಿ ಶುರುವಾಯಿತು. ಹಲ್ಲು ಕಟಕಟ ಅನ್ನುವುದು ನನ್ನ ಗೋಡೆಗೆ ಕೇಳಿಸಿ ಓಡಿಹೋದೆ. ಕತ್ತಿನ ಪಟ್ಟಿ ಬಿಚ್ಚಿ ನೋಡಿದ ಅಜ್ಜಿ, "ಆಟೋ ಕರೀರಿ," ಅಂದರು, ಅಷ್ಟೇ. ಪಟ್ಟಿಯ ಕೆಳಗೆ ಏನಿದೆ ಅಂತ ಅವರು ಹೇಳಲಿಲ್ಲ, ವಾಸನೆ ನನಗೇ ಬಂತು.

ಜೀವ ಹೋಗುವ ಹಾಗಿದ್ದರೆ ಒಂದು ದಿನದ ಮಟ್ಟಿಗೆ ಕಾರ್ಡು ಕೇಳುವುದಿಲ್ಲವಂತೆ ಆಸ್ಪತ್ರೆಯಲ್ಲಿ. ಹಾಗಾಗಿ ಕೊನೆಗೂ ಅವನಿಗೆ ನಾಲ್ಕನೇ ವಾರ್ಡಿನ ಕಿಟಕಿ ಪಕ್ಕದ ಮಷೀನು ಸಿಕ್ಕಿತು. ಮಾರನೇ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಅಲ್ಲೇ ಹೋದ. ಸೊಸೆ ಗೋಡೆಗೆ ಒರಗಿ ಕುಸಿದಳು, ಅಳುವುದಕ್ಕೂ ಕೆಮ್ಮು ಬಿಡಲಿಲ್ಲ.

ಚಿಕ್ಕ ವಯಸ್ಸಿನ ಡಾಕ್ಟರು ಹೊರಗೆ ಬಂದು ನಿಂತರು. "ಕೊಳವೆಯಿಂದ ಸೋಂಕು ರಕ್ತಕ್ಕೆ ಹೋಗಿತ್ತು. ಡಯಾಲಿಸಿಸ್ ಕೂಡಾ ತಪ್ಪಿದೆ. ಯಾವುದರಿಂದ ಅಂತ ಖಚಿತವಾಗಿ ಹೇಳೋಕಾಗಲ್ಲ." ಆಮೇಲೆ, ಕೇಳದೆ ಇದ್ದಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ, ಆದರೂ ಕೇಳಿದರು. "ಮನೇಲಿ ಸ್ವಚ್ಛವಾಗಿ ಇಟ್ಕೊಂಡಿರ್ಲಿಲ್ವಾ?"

ಹುಡುಗಿ ಒಂದು ಹೆಜ್ಜೆ ಮುಂದೆ ಬಂದಳು. ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜಿ ಎರಡೂ ಕೈ ಹಿಂದೆ ಕಟ್ಟಿ ಡಾಕ್ಟರ ಮುಂದೆ ನೆಟ್ಟಗೆ ನಿಂತರು.

"ನಾನೇ ಗುಡಿಸ್ಲಿಲ್ಲ ಸಾರ್. ವಯಸ್ಸಾಯ್ತು. ಕೈಲಾಗ್ಲಿಲ್ಲ."

ಮೂವತ್ತೆಂಟು ವರ್ಷದಲ್ಲಿ ಒಂದು ಸೋಮವಾರವೂ ಬೈಸಿಕೊಳ್ಳದವರು, ಆ ವಾರ್ಡಿನ ಬಾಗಿಲಲ್ಲೇ ನಿಂತು ಹಾಗೆ ಹೇಳಿದರು. ನಾನು ಜನ್ಮದಲ್ಲಿ ಎಷ್ಟೋ ಸುಳ್ಳು ಕೇಳಿದ್ದೇನೆ, ಅಂಥದ್ದೊಂದನ್ನು ಕೇಳಿಲ್ಲ. ಡಾಕ್ಟರು ತಲೆಯಾಡಿಸಿ ಹೋದರು. ಅಜ್ಜಿ ಒಳಗೆ ಹೋಗಿ ಮಗನ ಮೇಲಿನ ದುಪ್ಪಟಿಯನ್ನು ಎಳೆದು, ನಾಲ್ಕು ಮೂಲೆಯನ್ನೂ ಮಡಿಸಿ ಹಾಸಿಗೆಯ ಕೆಳಗೆ ಸೇರಿಸಿದರು. ಒಂದು ಸುಕ್ಕೂ ಇರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಬೀದಿಯವರು ಒಬ್ಬೊಬ್ಬರೇ ಬರತೊಡಗಿದರು. ಮಸಿ ಹಿಡಿದ ಗೋಡೆ, ಕಿತ್ತ ಗಾರೆ, ಕಾಲಿಟ್ಟಲ್ಲಿ ಬೂದಿ. ರೌಂಡ್ಸ್ ಅಜ್ಜಿಯ ಮನೆ ಹೀಗೂ ಆಗುತ್ತದಾ ಅಂತ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಹೇಳಿದಳು. ಮಗ ಹೋಗುವ ಮುಂಚೆಯೇ ಮುದುಕಿಯ ಬುದ್ಧಿ ಹೋಗಿತ್ತು ಅಂದಳು ಇನ್ನೊಬ್ಬಳು. ಅಜ್ಜಿಗೆ ಕೇಳಿಸಿತು. ಅವರು ತಿರುಗಿಯೂ ನೋಡಲಿಲ್ಲ. ನನಗೇ ತಡೆಯಲಾಗದೆ ಮನೆಗೆ ಬಂದು, ಮಷೀನಿನ ಹಿಂದಿನಿಂದ ಪೊರಕೆ ತೆಗೆದುಕೊಂಡು ಹೋಗಿ ಅವರ ಕೈಗೆ ಕೊಟ್ಟೆ.

ಅಜ್ಜಿ ಪೊರಕೆ ಹಿಡಿದುಕೊಂಡು ಎದ್ದರು. ಹಿಡಿಯನ್ನು ಒಂದು ಸಲ ನೆಲಕ್ಕೆ ಕುಟ್ಟಿ ಕಡ್ಡಿಗಳನ್ನು ಸರಿ ಮಾಡಿಕೊಂಡರು. ಆಮೇಲೆ ಮೊಮ್ಮಗಳ ಕಡೆ ನೋಡಿದರು.

"ಈಗ ಗುಡಿಸ್ಬಹುದೇನೇ?"

ಹುಡುಗಿ ಮೊಣಕಾಲ ಮೇಲೆ ತಲೆಯಿಟ್ಟು ಕೂತಿದ್ದಳು. ಒಳಗಿನ ಮೂಲೆಯಲ್ಲಿ ಅವಳ ಅಮ್ಮ ಬಟ್ಟೆಯನ್ನು ಬಾಯಿಗೊತ್ತಿಕೊಂಡು ಕೆಮ್ಮಿದಳು, ಬಟ್ಟೆಯನ್ನು ನೋಡಿ ಮಡಿಚಿ ಬಚ್ಚಿಟ್ಟುಕೊಂಡಳು.

"ಅವರಿನ್ನೂ ಬಂದಿಲ್ಲ ಅಜ್ಜಿ," ಅಂದಳು ಹುಡುಗಿ. "ಇನ್ನೂ ಹದಿನಾಲ್ಕು ದಿನ ಇದೆ. ಕಾರ್ಡಲ್ಲಿ ನಾವು ಮೂರು ಜನ ಇದ್ದೀವಿ."

ಅಜ್ಜಿ ಸೊಸೆಯ ಕಡೆ ನೋಡಿದರು. ಬೂದಿ ಹರಡಿದ ಚೌಕದ ಕಡೆ ನೋಡಿದರು. ಪೊರಕೆಯನ್ನು ನನ್ನ ಕೈಗೆ ವಾಪಸ್ಸು ಕೊಟ್ಟರು.

"ತಗೊಂಡ್ಹೋಗು ಟೈಲರಮ್ಮ. ನನ್ನ ಕಣ್ಣಿಗೆ ಬೀಳದ ಕಡೆ ಇಡು."

ತಂದಿಟ್ಟೆ. ಹದಿನಾಲ್ಕು ದಿನ ಎಂದೋ ಮುಗಿಯಿತು. ಕೇಳಿದರೆ ಸಿಬ್ಬಂದಿ ಸಾಲದು, ಇನ್ನೂ ಅರವತ್ತು ದಿನ ಕಾಯಿರಿ ಅಂದರಂತೆ. ಗೋಡೆಯಾಚೆಯಿಂದ ಈಗ ಜಗಳ ಕೇಳಿಸುವುದಿಲ್ಲ, ಕೆಮ್ಮು ಕೇಳಿಸುತ್ತದೆ. ಪೊರಕೆ ನನ್ನ ಮಷೀನಿನ ಹಿಂದೆ ಹಾಗೇ ನಿಂತಿದೆ.